ಅಪ್ಪನಿಗೆ ಅನುಕೂಲವಾದ ವಿಮಾನ ನಿಲ್ದಾಣ

ವಾದದಲ್ಲಿ ಗೆದ್ದ ದಿನ ನನಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತದೆ. ಇದು ಒಳ್ಳೆಯ ಗುಣವಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ. ಒಳ್ಳೆಯ ಗುಣ ಎಂದರೇನು ಎಂದು ನಾನು ಕೇಳುತ್ತೇನೆ. ಅವರು ಎದ್ದು ಹೋಗುತ್ತಾರೆ. ನಾನು ಅದನ್ನೂ ಗೆಲುವಿಗೇ ಸೇರಿಸಿಕೊಳ್ಳುತ್ತೇನೆ. ಸೋಲದೇವನಹಳ್ಳಿ ಕಡೆಯ ಕಾಲೇಜೊಂದರಲ್ಲಿ ಓದುವಾಗ ಚರ್ಚಾಸ್ಪರ್ಧೆಯ ತಂಡಕ್ಕೆ ಸೇರಿದ್ದೇ ಇದಕ್ಕೆಲ್ಲ ಮೂಲ. ಅಲ್ಲಿ ನಮಗೆ ಕಲಿಸಿದ್ದು ಎರಡೇ ಪಾಠ. ವಿಷಯ ಯಾವುದಾದರೂ ಇರಲಿ, ಅದರಲ್ಲಿರುವ ಪದಗಳ ಅರ್ಥ ಏನೆಂದು ಮೊದಲು ನೀನೇ ಗೆರೆ ಎಳೆದುಬಿಡು. ಎದುರಿನವರು ಆ ಗೆರೆಯೊಳಗೆ ಒದ್ದಾಡಲಿ. ಇನ್ನೊಂದು, ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಗಂಟೆ ಬಾರಿಸುವ ತನಕ ಅದನ್ನು ಪ್ರಾಣ ಕೊಟ್ಟು ನಂಬು, ಬಾರಿಸಿದ ಮೇಲೆ ಚಹಾ ಕುಡಿ. ಈಗ ನಾನು ಅದೇ ಕಾಲೇಜಿನಲ್ಲಿ ಮಕ್ಕಳಿಗೆ ಮಾತನಾಡುವುದನ್ನು ಕಲಿಸುವ ಕೆಲಸದಲ್ಲಿದ್ದೇನೆ. ಮನೆಯಲ್ಲಿ ಮಾತ್ರ ಮಾತನಾಡದಿರುವುದನ್ನು ನನಗೆ ಯಾರಾದರೂ ಕಲಿಸಬಾರದೇ ಎಂದು ಅಮ್ಮ ಕಾಯುತ್ತಿದ್ದಾಳೆ. ಹೋದ ವರ್ಷ ನನ್ನನ್ನು ನೋಡಲು ಹೆಬ್ಬಾಳದಿಂದ ಬಂದಿದ್ದ ಹುಡುಗ, "ನಂಗೆ ಸಿಂಪಲ್ ಆಗಿರೋ ಹುಡುಗಿ ಬೇಕು" ಎಂದ. ಯಾವುದಕ್ಕೆ ಹೋಲಿಸಿದರೆ ಸಿಂಪಲ್ ಎಂದು ನಾನು ಕೇಳಿದೆ, ಅಷ್ಟೆ. ಕೇಸರಿಬಾತಿನ ತಟ್ಟೆಯನ್ನು ಅರ್ಧಕ್ಕೇ ಇಟ್ಟು ಎದ್ದು ಹೋದ. ಆ ಕೇಸರಿಬಾತನ್ನು ತಿಂದವಳೂ ನಾನೇ.

ಇಂಥವಳ ಕೈಗೆ ನಮ್ಮ ಮನೆಯವರು ಒಂದು ಪ್ರವಾಸದ ಹೊಣೆಯನ್ನು ಕೊಟ್ಟರು. ಪ್ರವಾಸ ಹುಟ್ಟಿದ್ದು ನಮ್ಮಕ್ಕನ ಮಗಳು ಧನ್ಯಳಿಂದ. ವಯಸ್ಸು ಎಂಟು. ಮುಂಬೈಗೂ ಪುಣೆಗೂ ನಡುವೆ, ಘಟ್ಟದ ಬುಡದಲ್ಲಿ ಇರುವ ದೊಡ್ಡ ಥೀಮ್ ಪಾರ್ಕೊಂದನ್ನು ಅವಳು ಫೋನಿನಲ್ಲಿ ನೋಡಿದ್ದಳು. ಅಲ್ಲಿ ಮನುಷ್ಯರನ್ನು ಕುರ್ಚಿಗೆ ಕಟ್ಟಿ, ಹಳಿಯ ಮೇಲೆ ಏರಿಸಿ, ತಲೆಕೆಳಗು ಮಾಡಿ, ಮತ್ತೆ ನೆಟ್ಟಗೆ ಮಾಡಿ ಇಳಿಸುವ ಒಂದು ರೈಲಿದೆ. ಅದನ್ನು ಹತ್ತಲು ಇಷ್ಟು ಎತ್ತರ ಇರಬೇಕು, ಚಿಕ್ಕ ಮಕ್ಕಳ ಪಕ್ಕದಲ್ಲಿ ಮನೆಯ ದೊಡ್ಡವರೊಬ್ಬರು ಕೂರಬೇಕು ಎಂಬ ನಿಯಮವಿದೆ. ಅಲ್ಲಾಳಸಂದ್ರದ ನಮ್ಮ ಮನೆಯ ಅಡುಗೆಕೋಣೆ ಬಾಗಿಲಿನ ಚೌಕಟ್ಟಿನಲ್ಲಿ ಅಪ್ಪ ಆ ಎತ್ತರಕ್ಕೆ ಸರಿಯಾಗಿ ಪೆನ್ಸಿಲಿನಿಂದ ಒಂದು ಗೀಟು ಎಳೆದಿದ್ದರು. ಟಿ. ದಾಸರಹಳ್ಳಿಯಿಂದ ಅಕ್ಕ ಬಂದಾಗಲೆಲ್ಲ ಮಗು ಚಪ್ಪಲಿ ಬಿಚ್ಚುವುದಕ್ಕೂ ಮೊದಲು ಓಡಿ ಹೋಗಿ ಅಲ್ಲಿ ಬೆನ್ನು ಕೊಟ್ಟು ನಿಲ್ಲುತ್ತಿತ್ತು. ಕೊನೆಗೊಂದು ಭಾನುವಾರ ತಲೆ ಗೀಟನ್ನು ಮುಟ್ಟಿತು. ಕೂದಲನ್ನು ಒತ್ತಿ ಹಿಡಿದು ಅಳೆದರೂ ಮುಟ್ಟಿತು.

ಪಕ್ಕದಲ್ಲಿ ಕೂರುವ ದೊಡ್ಡವರು ಯಾರು ಎಂಬುದು ಮೊದಲೇ ತೀರ್ಮಾನವಾಗಿತ್ತು. ಅಕ್ಕನಿಗೆ ಉಯ್ಯಾಲೆ ಕಂಡರೂ ವಾಂತಿ. ಅಮ್ಮನಿಗೆ ಬೀಪಿ ಮಾತ್ರೆ. ಭಾವನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ರಜೆ ಸಿಗುವುದಿಲ್ಲ. ನಾನು ತಲೆಕೆಳಗಾಗುವುದರಲ್ಲಿ ಜ್ಞಾನಕ್ಕೆ ಸಿಗುವ ಲಾಭವೇನು ಎಂದು ಕೇಳಿ ಜಾರಿಕೊಂಡಿದ್ದೆ. ಉಳಿದವರು ಅಪ್ಪ. "ಅದ್ರಲ್ಲಿ ಡ್ರೈವರೇ ಇಲ್ವಂತಲ್ಲ, ಅಂಗಾದ್ರೆ ನಾನು ಕೂರ್ತೀನಿ ಬಿಡು" ಎಂದು ಅವರು ಮೊಮ್ಮಗಳಿಗೆ ಮಾತು ಕೊಟ್ಟಿದ್ದರು. ಆಗ ಆ ಮಾತು ನಮಗೆಲ್ಲ ತಮಾಷೆಯಾಗಿ ಕಂಡಿತ್ತು. ಅದರಲ್ಲಿ ಇಡೀ ಕೇಸಿನ ಸಾಕ್ಷಿ ಇತ್ತೆಂದು ನನಗೆ ಹೊಳೆಯಲಿಲ್ಲ. ಸಾಕ್ಷಿ ಹುಡುಕುವುದು ನನ್ನ ವೃತ್ತಿ ಎಂದು ನಾನು ಬೇರೆ ಹೇಳಿಕೊಂಡು ಓಡಾಡುತ್ತೇನೆ.

ನಮ್ಮಪ್ಪನ ಬಗ್ಗೆ ಹೇಳಬೇಕು. ಅವರು ಟ್ಯಾಕ್ಸಿ ಡ್ರೈವರು. ವಿಮಾನ ನಿಲ್ದಾಣ ದೇವನಹಳ್ಳಿ ಕಡೆಗೆ ಬಂದಾಗಿನಿಂದ ಅವರ ಬಾಡಿಗೆಯೆಲ್ಲ ಆ ರಸ್ತೆಯಲ್ಲೇ. ಯಾವ ಹೊತ್ತಿನಲ್ಲಿ ಹೆಬ್ಬಾಳದಲ್ಲಿ ಗಾಡಿಗಳು ಕಟ್ಟಿಕೊಳ್ಳುತ್ತವೆ, ಯಾವ ಬಾಗಿಲಿನಲ್ಲಿ ಇಳಿಸಿದರೆ ಬಾಡಿಗೆಗೆ ಬಂದ ಪಾರ್ಟಿಗೆ ನಡಿಗೆ ಕಡಿಮೆ, ಯಾವ ಕಂಬದ ಹತ್ತಿರ ನಿಂತರೆ ಸೆಕ್ಯೂರಿಟಿಯವರು ಸೀಟಿ ಊದುವುದಿಲ್ಲ, ಎಲ್ಲ ಗೊತ್ತು. ಸಾವಿರಾರು ಜನರನ್ನು ಆ ಗಾಜಿನ ಬಾಗಿಲಿನವರೆಗೂ ಬಿಟ್ಟು ಬಂದಿದ್ದಾರೆ. ಬಾಗಿಲು ದಾಟಿ ಒಂದು ಹೆಜ್ಜೆ ಒಳಗೆ ಹೋದವರಲ್ಲ. ಹಾಗಿದ್ದರೂ, ಅಥವಾ ಹಾಗಿರುವುದರಿಂದಲೇ, ಬೀದಿಯಲ್ಲಿ ಯಾರು ವಿಮಾನ ಹತ್ತುವುದಿದ್ದರೂ ಸಲಹೆ ಕೇಳಲು ಬರುವುದು ನಮ್ಮ ಮನೆಗೇ. ಹಾಗಾಗಿ ಪ್ರವಾಸದ ಮಾತು ಬಂದಾಗ ಅಪ್ಪ ಎಲ್ಲರಿಗಿಂತ ಮುಂದೆ ಇರುತ್ತಾರೆಂದು ನಾವು ಅಂದುಕೊಂಡಿದ್ದು ತಪ್ಪೇನಲ್ಲ.

ತೊಂದರೆ ಶುರುವಾಗಿದ್ದು ಎಲ್ಲಿ ಇಳಿಯಬೇಕು ಎಂಬಲ್ಲಿ. ಆ ಪಾರ್ಕಿಗೆ ಹೋಗಲು ಮೂರು ವಿಮಾನ ನಿಲ್ದಾಣಗಳಿವೆ. ಮುಂಬೈಯ ಹಳೆಯದು, ನವಿ ಮುಂಬೈಯ ಹೊಸದು, ಮತ್ತು ಪುಣೆಯದು. ಮುಂಬೈಗೆ ನಮ್ಮೂರಿನಿಂದ ಗಳಿಗೆಗೊಂದು ವಿಮಾನ, ಆದರೆ ಇಳಿದ ಮೇಲೆ ಊರು ದಾಟುವುದೇ ಒಂದು ಪ್ರಯಾಣ. ಪುಣೆಯದು ಚಿಕ್ಕದು, ಗಲಾಟೆ ಕಡಿಮೆ, ಆದರೆ ಅಲ್ಲಿಂದ ರಸ್ತೆ ಉದ್ದ, ಕೊನೆಯಲ್ಲಿ ಘಾಟಿ ಇಳಿಯಬೇಕು. ಹೊಸದು ಪಾರ್ಕಿಗೆ ಎಲ್ಲಕ್ಕಿಂತ ಹತ್ತಿರ, ಆದರೆ ನಮಗೆ ಬೇಕಾದ ಹೊತ್ತಿಗೆ ವಿಮಾನ ಕಡಿಮೆ. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೇ? ಧನ್ಯಳ ಡ್ರಾಯಿಂಗ್ ಹಾಳೆಯ ಹಿಂದೆ ನಾನು ಒಂದು ಪಟ್ಟಿ ಬರೆದೆ. ಹಾರುವ ಹೊತ್ತು, ಇಳಿದ ಮೇಲಿನ ರಸ್ತೆ, ಬೆಳಿಗ್ಗೆ ಏಳಬೇಕಾದ ಸಮಯ, ಅಮ್ಮ ಎಷ್ಟು ದೂರ ನಡೆಯಬೇಕು, ಹೀಗೆ ಹನ್ನೊಂದು ಅಂಕಣ. ಭಾನುವಾರ ಮಧ್ಯಾಹ್ನ ಮುದ್ದೆ ಊಟ ಆದ ಮೇಲೆ ನಡುಮನೆಯಲ್ಲಿ ಸಭೆ ಕರೆದೆ.

"ಮೊದಲು ಅನುಕೂಲ ಅಂದ್ರೇನು ಅಂತ ತೀರ್ಮಾನ ಮಾಡೋಣ" ಎಂದೆ.

"ಅನುಕೂಲ ಅಂದ್ರೆ ನೀನು ಬೇಗ ಮುಗ್ಸೋದು" ಎಂದಳು ಅಕ್ಕ. "ಮುಂಬೈಗೇ ಬುಕ್ ಮಾಡೇ. ಒಂದು ಫ್ಲೈಟ್ ಕೈ ಕೊಟ್ರೆ ಇನ್ನೊಂದಿರುತ್ತೆ."

"ನಂಗೆ ಪುಣೆ ಸಾಕಪ್ಪ" ಎಂದಳು ಅಮ್ಮ. "ಸಣ್ಣದಿದ್ರೆ ನಾನು ಕಳ್ದು ಹೋಗಲ್ಲ. ಮುಂಬೈಲಿ ನಾನೊಂದ್ ಕಡೆ, ನೀವೊಂದ್ ಕಡೆ ಆದ್ರೆ ಯಾರ ಜೊತೆ ಏನ್ ಭಾಷೇಲಿ ಮಾತಾಡ್ಲಿ?"

ನಾನು ಹೊಸದರ ಪರ. ಮೂವರದೂ ಆಯಿತು. ಎಲ್ಲರೂ ಅಪ್ಪನ ಕಡೆ ತಿರುಗಿದೆವು. ಅವರು ಗೋಡೆಗೆ ಒರಗಿ ಕೂತು, ಟವೆಲ್ಲಿನ ಅಂಚನ್ನು ಸುರುಳಿ ಸುತ್ತುತ್ತಿದ್ದರು.

"ಮುಂಬೈಲಿ ಪಿಕಪ್ ಎಲ್ಲಿ?" ಎಂದರು.

ಪಿಕಪ್ ಎಂದರೆ ಟ್ಯಾಕ್ಸಿ ಬಂದು ನಿಲ್ಲುವ ಜಾಗ. ಪಾರ್ಕಿಂಗ್ ಕಟ್ಟಡದ ಮಹಡಿಗೆ ಲಿಫ್ಟಿನಲ್ಲಿ ಹೋಗಬೇಕು ಎಂದು ನಾನು ಫೋನಿನಲ್ಲಿ ನಕಾಶೆ ತೆಗೆದು ತೋರಿಸಿದೆ. "ಇದು ನಕಾಶೆ ಮಗಾ. ಅಲ್ಲಿ ಲಿಫ್ಟಿನ ಮುಂದೆ ಎಷ್ಟ್ ಜನ ನಿಂತಿರ್ತಾರೆ ಅಂತ ಇದ್ರಲ್ಲಿ ಬರೆದೈತಾ?" ಎಂದರು. ಪುಣೆ ಎಂದರೆ, "ಘಾಟೀಲಿ ಗೇರ್ ಇಳ್ಸದೆ ಬ್ರೇಕ್ ಮೇಲೇ ಬಿಡೋರು ಇರ್ತಾರೆ, ನಂಬಕ್ಕಾಗಲ್ಲ" ಎಂದರು. ಹೊಸದೆಂದರೆ, "ಹೊಸ ಜಾಗ. ಡ್ರೈವರ್‌ಗಳಿಗೇ ದಾರಿ ಇನ್ನೂ ಕೈ ಹತ್ತಿರಲ್ಲ" ಎಂದರು. ಒಂದೊಂದು ಆಕ್ಷೇಪಕ್ಕೂ ನನ್ನ ಹತ್ತಿರ ಉತ್ತರವಿತ್ತು. ನಾನು ಲಿಫ್ಟುಗಳ ಬಗ್ಗೆ ಜನ ಬರೆದ ಅಭಿಪ್ರಾಯಗಳನ್ನು ಓದಿ ಹೇಳಿದೆ. ಘಾಟಿಯ ವಿಡಿಯೋ ತೋರಿಸಿದೆ. ಹೊಸ ರಸ್ತೆಯ ಫೋಟೋ ತೋರಿಸಿದೆ. ಕಾಲು ಗಂಟೆಯಲ್ಲಿ ಅಪ್ಪನ ಒಂದೊಂದು ಮಾತನ್ನೂ ಕಡಿದು ಮಲಗಿಸಿ, ತೀರ್ಪುಗಾರರ ಕಡೆ ನೋಡುವ ಹಳೆಯ ಅಭ್ಯಾಸದಂತೆ ಅಮ್ಮನ ಕಡೆ ನೋಡಿದೆ. ಅಮ್ಮ ಎಲೆಯಡಿಕೆ ಡಬ್ಬಿಯನ್ನು ನೋಡುತ್ತಿದ್ದಳು.

"ಸರಿ ಕಣಮ್ಮ, ನಿನ್ ಮಾತೇ ಸರಿ" ಎಂದರು ಅಪ್ಪ. "ನೀವೆಲ್ಲ ಓಗ್ಬನ್ನಿ. ನಂಗೆ ಆ ವಾರ ಡ್ಯೂಟಿ ಐತೆ."

ನನ್ನ ಜೀವನದಲ್ಲಿ ನಾನು ಅಷ್ಟು ಸಂಪೂರ್ಣವಾಗಿ ಗೆದ್ದದ್ದು ಅದೇ ಮೊದಲು. ಎದುರಾಳಿ ಮೈದಾನವನ್ನಷ್ಟೇ ಅಲ್ಲ, ಪ್ರವಾಸವನ್ನೇ ಬಿಟ್ಟು ಹೋಗಿದ್ದರು. ಅವರು ಎದ್ದು ಹೋಗಿ ಆಗಲೇ ತೊಳೆದಿದ್ದ ಕಾರನ್ನು ಮತ್ತೆ ತೊಳೆಯತೊಡಗಿದರು. ಧನ್ಯ ಮೆಲ್ಲನೆ ಎದ್ದು ಅಡುಗೆಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ನೀರು ಕುಡಿಯಲು ನಾನು ಹೋದರೆ, ತನ್ನ ರಬ್ಬರು ತಂದು ಚೌಕಟ್ಟಿನ ಮೇಲಿನ ಗೀಟನ್ನು ಉಜ್ಜುತ್ತಿದ್ದಳು. ಯಾಕೇ ಎಂದೆ. "ನಾನಿನ್ನೂ ಉದ್ದ ಆಗಿಲ್ಲ ಬಿಡು ಚಿಕ್ಕಮ್ಮ. ಮುಂದಿನ್ ವರ್ಷ ತಾತಂಗೆ ಡ್ಯೂಟಿ ಇಲ್ದಿದ್ದಾಗ ಆಗ್ತೀನಿ" ಎಂದಳು. ಪೆನ್ಸಿಲ್ ಗೀಟು ಪೂರ್ತಿ ಹೋಗಿರಲಿಲ್ಲ, ಬಣ್ಣ ಮಾತ್ರ ಒಂದಿಷ್ಟು ಕಿತ್ತು ಬಂದಿತ್ತು. ಮಕ್ಕಳ ಜೊತೆ ವಾದ ಮಾಡುವಾಗ ಇದೊಂದು ಕಷ್ಟ. ಅವರು ಸೋಲುವುದನ್ನು ಬಹಳ ಚೆನ್ನಾಗಿ ಮಾಡುತ್ತಾರೆ.

ಆಮೇಲೆ ಎರಡು ವಾರ ಯಾರೂ ಆ ಮಾತು ಎತ್ತಲಿಲ್ಲ. ನಾನು ಮಾತ್ರ ಒಳಗೊಳಗೇ ಅಪ್ಪನ ಮೇಲೆ ಕೋಪ ಮಾಡಿಕೊಂಡಿದ್ದೆ. ಅವರು ವಿಮಾನಕ್ಕೆ ಹೆದರಿದ್ದಾರೆ ಎಂದು ನನ್ನ ಅನುಮಾನ. ಊರಿಗೆಲ್ಲ ಏರ್‌ಪೋರ್ಟಿನ ಬುದ್ಧಿ ಹೇಳುವವರು ಹಾರಲು ಹೆದರುತ್ತಾರೆಂದರೆ ಅದು ಒಳ್ಳೆಯ ಸಿದ್ಧಾಂತ. ಎಲ್ಲ ಸಂಗತಿಗಳಿಗೂ ಹೊಂದುತ್ತಿತ್ತು. ಎಲ್ಲ ಸಂಗತಿಗಳಿಗೂ ಹೊಂದುವ ಸಿದ್ಧಾಂತ ಸಾಮಾನ್ಯವಾಗಿ ತಪ್ಪಾಗಿರುತ್ತದೆ ಎಂದು ನಾನೇ ತರಗತಿಯಲ್ಲಿ ಪಾಠ ಮಾಡುತ್ತೇನೆ. ಮನೆಗೆ ಬರುವಾಗ ಪಾಠವನ್ನು ಕಾಲೇಜಿನಲ್ಲೇ ಬಿಟ್ಟು ಬರುತ್ತೇನೆ.

ಮೂರನೆಯ ವಾರ ಯಶವಂತಪುರದಲ್ಲಿ ನೆಂಟರ ಮನೆಯ ನಾಮಕರಣ. ಅಪ್ಪನ ಕಾರು ಸರ್ವೀಸಿಗೆ ಹೋಗಿತ್ತು. ಸಂಜೆಯ ಹೊತ್ತಿಗೆ ಸಿಗಬೇಕಾದದ್ದು ಸಿಗಲಿಲ್ಲ. ಬೇರೆ ದಾರಿಯಿಲ್ಲದೆ ನಾನು ಫೋನಿನಿಂದ ಒಂದು ಕ್ಯಾಬ್ ಕರೆಸಿದೆ. ಅಮ್ಮ, ನಾನು ಹಿಂದೆ, ಅಪ್ಪ ಮುಂದೆ. ಓಡಿಸುತ್ತಿದ್ದವನು ವಿನಯವಂತ ಹುಡುಗ, ಹಾರ್ನ್ ಕೂಡ ಮಾಡುತ್ತಿರಲಿಲ್ಲ. ಆದರೂ ಜಕ್ಕೂರು ದಾಟುವ ಹೊತ್ತಿಗೆ ಅಪ್ಪನ ಬಲಗಾಲು ನೆಲದ ಮ್ಯಾಟನ್ನು ಒತ್ತಲು ಶುರು ಮಾಡಿತು. ಮುಂದಿನ ಗಾಡಿ ಹತ್ತಿರವಾದಾಗಲೆಲ್ಲ ಒತ್ತುತ್ತಿತ್ತು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಎಡಗೈ ಗಾಳಿಯಲ್ಲಿ ಗೇರು ಬದಲಿಸಿತು. "ಥರ್ಡಲ್ಲಿ ಹೋಗಪ್ಪ, ಇಂಜಿನ್ ಅಳ್ತಾ ಐತೆ" ಎಂದರು. "ಇದು ಆಟೋಮ್ಯಾಟಿಕ್ ಗಾಡಿ ಅಂಕಲ್" ಎಂದ ಹುಡುಗ. ಅಪ್ಪ ಕಣ್ಣು ಮುಚ್ಚಿಕೊಂಡರು. ಹಣೆಯಲ್ಲಿ ಬೆವರು. ಬಿಇಎಲ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಿದ್ದೇ ತಡ, ಬಾಗಿಲು ತೆಗೆದು ಇಳಿದೇಬಿಟ್ಟರು. "ನೀವ್ ಓಗಿ, ನಾನ್ ಬಸ್ಸಲ್ಲಿ ಬರ್ತೀನಿ. ಅದ್ರಲ್ಲಾದ್ರೆ ಎಲ್ಲಾರೂ ನಿಂತಿರ್ತಾರೆ, ರಸ್ತೆ ಕಾಣಲ್ಲ" ಎಂದು ಕಿಟಕಿಯಲ್ಲಿ ಹೇಳಿ, ಹುಡುಗನ ಭುಜ ತಟ್ಟಿ, "ನಿನ್ ತಪ್ಪೇನಿಲ್ಲಪ್ಪ, ಚೆನ್ನಾಗೇ ಓಡಿಸ್ತೀಯ" ಎಂದು ಸಮಾಧಾನವನ್ನೂ ಮಾಡಿ ಹೋದರು.

ನಾನು ಅಮ್ಮನ ಮುಖ ನೋಡಿದೆ. ಅಮ್ಮನಿಗೆ ಆಶ್ಚರ್ಯವೇ ಆಗಿರಲಿಲ್ಲ.

"ನಿಂಗ್ ಗೊತ್ತಿಲ್ವಾ?" ಎಂದಳು. "ನಾನು ಮದುವೆಯಾಗಿ ಬಂದಾಗಿಂದ ಅವರು ಇನ್ನೊಬ್ರು ಓಡ್ಸೋ ಗಾಡೀಲಿ ನೆಟ್ಟಗೆ ಕೂತಿದ್ದನ್ನ ನೋಡಿಲ್ಲ. ನಮ್ ಮದ್ವೆ ದಿನ ಹೂವಿನ ಕಾರಿನ ಡ್ರೈವರ್ನ ಹಿಂದೆ ಕೂರ್ಸಿ ಅವರೇ ಓಡ್ಸಿದ್ರು. ಪೇಟ, ಬಾಸಿಂಗ ಎಲ್ಲ ಕಟ್ಕೊಂಡು. ನಾನು ಪಕ್ಕದಲ್ಲಿ ತಲೆ ತಗ್ಗಿಸ್ಕೊಂಡು ಕೂತಿದ್ರೆ, ಹಿಂದ್ಗಡೆ ಆ ಡ್ರೈವರು ಮದುಮಗನ ಥರ ಎಲ್ಲಾರ್ಗೂ ಕೈ ಮುಗೀತಾ ಇದ್ದ."

"ಇದನ್ನ ಯಾಕಮ್ಮ ಅವತ್ತೇ ಹೇಳ್ಲಿಲ್ಲ?"

"ನೀನೆಲ್ಲಿ ಗ್ಯಾಪ್ ಕೊಟ್ಟೆ?"

ಅಂದು ಅಪ್ಪ ನಾಮಕರಣಕ್ಕೆ ಬಂದದ್ದು ಮಗುವಿಗೆ ಹೆಸರಿಟ್ಟ ಮೇಲೆ. ಊಟದ ಪಂಕ್ತಿಯಲ್ಲಿ ಅವರ ಪಕ್ಕದಲ್ಲೇ ಹೋಗಿ ಕೂತೆ. ಈ ಸಲ ಪಟ್ಟಿ ತೆಗೆದುಕೊಂಡು ಹೋಗಿರಲಿಲ್ಲ. ವಿಮಾನ ಅಂದ್ರೆ ಭಯಾನಾ ಅಪ್ಪ ಎಂದು ಕೇಳಿದೆ. ಅವರು ಅನ್ನಕ್ಕೆ ಸಾರು ಕಲೆಸಿದರು. "ವಿಮಾನಕ್ಕೇನ್ ಭಯ ಮಗಾ? ಅದು ನಂಗೆ ಗೊತ್ತಿರೋ ಕೆಲ್ಸ ಅಲ್ಲ. ಗೊತ್ತಿಲ್ದಿರೋ ಕೆಲ್ಸಾನ ಯಾರ್ ಮಾಡಿದ್ರೇನು, ಕಣ್ ಮುಚ್ಕೊಂಡು ಕೂರ್ಬೋದು. ಗೊತ್ತಿರೋ ಕೆಲ್ಸಾನ ಇನ್ನೊಬ್ಬ ಮಾಡ್ತಿದ್ರೆ ನೋಡ್ಕೊಂಡು ಕೂರಕ್ಕಾಗಲ್ಲ. ಅಲ್ಲಿ ಇಳಿದ ಮೇಲೆ ಎರಡ್ ಗಂಟೆ ಯಾರೋ ಓಡಿಸ್ತಾರೆ, ನಾನು ಇಂಗೆ ಕಾಲ್ ಒತ್ಕೊಂಡು ಕೂತಿರ್ತೀನಿ, ಮಗು ನೋಡ್ತಾ ಇರುತ್ತೆ. ಬ್ಯಾಡ" ಎಂದರು.

ನಾನು ಹನ್ನೊಂದು ಅಂಕಣ ಬರೆದಿದ್ದೆ. ಅದರಲ್ಲಿ ಅಪ್ಪನ ಬಲಗಾಲಿಗೆ ಒಂದು ಅಂಕಣ ಇರಲಿಲ್ಲ. ಅವರು ಲಿಫ್ಟು, ಗೇರು, ಹೊಸ ದಾರಿ ಎಂದೆಲ್ಲ ಅಂದು ಹೇಳಿದ್ದು ವಾದವೇ ಆಗಿರಲಿಲ್ಲ. ತಪ್ಪಿಸಿಕೊಳ್ಳಲು ಒಂದು ಸಣ್ಣ ಸಂದಿ ಹುಡುಕುತ್ತಿದ್ದರು. ನಾನು ಒಂದೊಂದೇ ಸಂದಿಗೆ ಗಾರೆ ಮೆತ್ತುತ್ತಾ ಬಂದಿದ್ದೆ. ಚರ್ಚೆಯ ತರಬೇತಿಯಲ್ಲಿ ಎದುರಿನವರ ಮಾತನ್ನು ಗಮನವಿಟ್ಟು ಕೇಳಿ ಎಂದು ನಮಗೆ ಹೇಳಿಕೊಟ್ಟಿದ್ದರು, ನಿಜ. ಅದು ಅವರಿಗೆ ಉತ್ತರ ಕೊಡಲು ಎಂದು ನಾನು ತಿಳಿದುಕೊಂಡಿದ್ದೆ.

ಮನೆಗೆ ಬಂದು ಹೊಸ ಹಾಳೆ ತೆಗೆದೆ. ಈ ಸಲ ಒಂದೇ ಅಂಕಣ: ಇಳಿದ ಮೇಲೆ ಇನ್ನೊಬ್ಬರ ಗಾಡಿಯಲ್ಲಿ ಅಪ್ಪ ಎಷ್ಟು ಹೊತ್ತು ಕೂರಬೇಕು. ಹೊಸ ನಿಲ್ದಾಣ ಮುಂದೆ ಬಂತು, ಅದೂ ಬಹಳ ಮುಂದೆ. ನಾನು ಮೊದಲು ಹೇಳಿದ್ದೂ ಅದನ್ನೇ ಎಂದು ಇಲ್ಲಿ ಜಂಬ ಕೊಚ್ಚಿಕೊಳ್ಳಬಹುದು. ಉತ್ತರ ಸರಿ, ಪ್ರಶ್ನೆ ಮಾತ್ರ ತಪ್ಪಿತ್ತು. ಅಪ್ಪನಿಗೆ ತೋರಿಸಿದೆ. "ಒಂದು ಗಂಟೆ ಅಂದ್ರೆ ಇಲ್ಲಿಂದ ಮೆಜೆಸ್ಟಿಕ್ಕು, ಅಷ್ಟೇನಾ?" ಎಂದರು. ಅಷ್ಟೇ ಎಂದೆ. ಟವೆಲ್ಲಿನ ಅಂಚು ಮತ್ತೆ ಸುರುಳಿಯಾಯಿತು. "ಓಗೋದು ಮಾತ್ರ ಬುಕ್ ಮಾಡು. ಬರೋದು ಅಲ್ಲಿ ನೋಡ್ಕಳಣ. ಆಗ್ಲಿಲ್ಲ ಅಂದ್ರೆ ನಾನು ರೈಲಲ್ಲಿ ಬರ್ತೀನಿ" ಎಂದು ಷರತ್ತು ಹಾಕಿದರು. ವಾಪಸ್ಸಿನ ಟಿಕೆಟ್ಟು ಇಲ್ಲದೆ ಸಂಸಾರ ಸಮೇತ ಹೊರಡುವುದು ತರ್ಕಕ್ಕೆ ವಿರುದ್ಧ. ನಾನು ಬಾಯಿ ತೆರೆದೆ. ಅಮ್ಮ ನನ್ನ ಕಾಲು ತುಳಿದಳು. ಬಾಯಿ ಮುಚ್ಚಿದೆ.

ಹೊರಡುವ ದಿನ ಏರ್‌ಪೋರ್ಟಿಗೆ ಅಪ್ಪ ತಾವೇ ಓಡಿಸಿಕೊಂಡು ಬಂದರು. ಗಾಜಿನ ಬಾಗಿಲಿನ ಮುಂದೆ ಅವರ ಸ್ನೇಹಿತರೊಬ್ಬರು ಕಾರನ್ನು ಮನೆಗೆ ಒಯ್ಯಲು ಕಾದಿದ್ದರು. ಬೀಗದ ಕೈ ಕೊಡುವಾಗ ಅಪ್ಪ ಕ್ಲಚ್ಚಿನ ಬಗ್ಗೆ, ಎಡಗನ್ನಡಿಯ ಬಗ್ಗೆ, ಎರಡನೇ ಗೇರಿನ ಸ್ವಭಾವದ ಬಗ್ಗೆ ಹೇಳಿದ್ದನ್ನು ನೋಡಿದರೆ ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಇಷ್ಟು ಹೇಳುವುದಿಲ್ಲವೇನೋ ಅನ್ನಿಸಿತು. "ಹೇಳಿಲ್ಲ" ಎಂದು ಅಕ್ಕ ನನ್ನ ಕಿವಿಯಲ್ಲಿ ಖಚಿತ ಮಾಡಿದಳು. ಒಳಗೆ ಹೋದ ಮೇಲೆ ಅಪ್ಪ ಸುತ್ತಲೂ ನೋಡಿ, "ಓ, ಪಾರ್ಟಿಗಳು ಇಲ್ಲಿ ಬಂದು ಕಾಫಿ ಕುಡೀತಾ ಕೂತ್ಕಂತಾರೆ. ನಮ್ಗೆ ಮಾತ್ರ ಲೇಟ್ ಆಯ್ತು, ಜೋರಾಗಿ ಓಡ್ಸು ಅಂತಾರೆ" ಎಂದರು. ಅವರ ಬದುಕಿನ ದೊಡ್ಡ ಸಂಶಯವೊಂದು ಅಂದು ಬಗೆಹರಿಯಿತು. ವಿಮಾನ ಏರಿದಾಗ ಕಣ್ಣು ಮುಚ್ಚಿ, ಹೇಳಿದಂತೆಯೇ ನೆಮ್ಮದಿಯಾಗಿ ಕೂತಿದ್ದರು. ಕಾಲು ಒತ್ತಲಿಲ್ಲ. ಹೆದರಿದ್ದು ನಾನು, ಅದರ ವಿವರ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಹೊಸ ನಿಲ್ದಾಣದ ಹೊರಗೆ ನಾವು ಮೊದಲೇ ಹೇಳಿದ್ದ ಟ್ಯಾಕ್ಸಿ ನಿಂತಿತ್ತು. ಡ್ರೈವರು ನಮ್ಮ ಮಾತು ಕೇಳಿದವನೇ, "ಯಜಮಾನ್ರ, ನೀವು ಕನ್ನಡದವರೇನ್ರಿ? ನಮ್ದು ವಿಜಾಪುರ ಕಡಿ ಹಳ್ಳಿರಿ" ಎಂದ. ಹೆಸರು ಮಲ್ಲಪ್ಪ. ಅಪ್ಪ ಮುಂದಿನ ಸೀಟಿನಲ್ಲಿ ಕೂತರು. ನಾವು ಮೂವರು ಹೆಂಗಸರು ಹಿಂದಿನಿಂದ ಅವರ ಬಲಗಾಲನ್ನೇ ನೋಡುತ್ತಿದ್ದೆವು. ಮೊದಲನೇ ತಿರುವಿನಲ್ಲಿ ಒತ್ತಿತು. ಎರಡನೆಯದರಲ್ಲೂ ಒತ್ತಿತು. ಮಲ್ಲಪ್ಪ ಅದನ್ನು ಗಮನಿಸಿದ.

"ನೀವೂ ಗಾಡಿ ಹೊಡೀತೀರೇನ್ರಿ?"

"ಏರ್‌ಪೋರ್ಟ್ ಡ್ಯೂಟಿ" ಎಂದರು ಅಪ್ಪ.

"ಹಂಗಾರ ಬ್ರೇಕ್ ನೀವ ನೋಡ್ಕೋರಿ, ನಾ ಸ್ಟೇರಿಂಗ್ ಅಷ್ಟ ನೋಡ್ಕೋತೀನಿ" ಎಂದ ಮಲ್ಲಪ್ಪ.

ಅಪ್ಪ ನಕ್ಕರು. ಅಲ್ಲಿಂದ ಮಾತು ಶುರುವಾಯಿತು. ಇಲ್ಲಿ ಎಷ್ಟು ಹೊತ್ತು ನಿಲ್ಲಲು ಬಿಡುತ್ತಾರೆ, ಅಲ್ಲಿ ಎಷ್ಟು ಹೊತ್ತು; ವಿಮಾನ ತಡವಾದರೆ ಡ್ರೈವರನ ಊಟ ಏನಾಗುತ್ತದೆ; "ಐದೇ ನಿಮಿಷ" ಎಂದು ಫೋನಿನಲ್ಲಿ ಹೇಳುವ ಪಾರ್ಟಿ ಬೆಂಗಳೂರಿನಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ, ಮುಂಬೈಯಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ. ಎರಡೂ ಊರಿನ ಸುಳ್ಳು ಸಮ ಇದೆಯೆಂದು ಇಬ್ಬರಿಗೂ ಸಂತೋಷವಾಯಿತು. ನಾನು ಎರಡು ಸಲ ಮಧ್ಯೆ ಮಾತನಾಡಲು ನೋಡಿದೆ, ಯಾರೂ ಜಾಗ ಕೊಡಲಿಲ್ಲ. ರಸ್ತೆ ನೇರವಾಯಿತು. ಅಪ್ಪನ ಮಾತು ನಿಧಾನವಾಯಿತು. ಆಮೇಲೆ ನಿಂತಿತು. ಅಮ್ಮ ಮುಂದೆ ಬಾಗಿ ನೋಡಿ, ಬಾಯಿ ಮೇಲೆ ಬೆರಳಿಟ್ಟು ನಮ್ಮ ಕಡೆ ತಿರುಗಿದಳು. ಅಪ್ಪ ನಿದ್ದೆ ಹೋಗಿದ್ದರು. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ, ಹಗಲು ಹೊತ್ತಿನಲ್ಲಿ, ಬಾಯಿ ಅರ್ಧ ತೆರೆದುಕೊಂಡು. ಬಲಗಾಲು ಎಡಗಾಲಿನ ಮೇಲೆ ಆರಾಮವಾಗಿ ಬಿದ್ದಿತ್ತು. ಧನ್ಯ ಉಸಿರು ಬಿಗಿ ಹಿಡಿದು ಕೂತಳು. ನಾವೂ ಕೂತೆವು. ಐದೋ ಹತ್ತೋ ನಿಮಿಷ ಆಗಿರಬಹುದು, ಪಾರ್ಕಿನ ಗೇಟು ಬಂದುಬಿಟ್ಟಿತು. ಅಪ್ಪ ಎಚ್ಚೆತ್ತು ಸುತ್ತ ನೋಡಿ, ಮುಖ ಸಿಂಡರಿಸಿ, ನನ್ನ ಕಡೆ ತಿರುಗಿ, "ಇಷ್ಟ್ ಬೇಗನಾ?" ಎಂದರು. ಹತ್ತಿರದ ನಿಲ್ದಾಣವನ್ನು ಆರಿಸಿದ್ದಕ್ಕೆ ಇಂಥ ಬೈಗುಳ ಬರುತ್ತದೆಂದು ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಪಾರ್ಕಿನಲ್ಲಿ ಅಳತೆ ಕೋಲಿನ ಹತ್ತಿರ ಧನ್ಯ ಮಿಲಿಟರಿಯವರಂತೆ ನೆಟ್ಟಗೆ ನಿಂತಳು, ಪಾಸಾದಳು. ತಾತ, ಮೊಮ್ಮಗಳು ರೈಲು ಹತ್ತಿ, ಮೇಲೆ ಹೋಗಿ, ತಲೆಕೆಳಗಾಗಿ, ಇಳಿದು ಬಂದರು. ಅಪ್ಪನ ಕೂದಲು ಮಾತ್ರ ಬೇರೆ ದಿಕ್ಕಿಗೆ ತಿರುಗಿತ್ತು. "ಸಸ್ಪೆನ್ಷನ್ ಚೆನ್ನಾಗೈತೆ" ಎಂದರು. ಮಗು ಅವರ ಸೊಂಟ ಹಿಡಿದುಕೊಂಡು ಬಿಡಲೇ ಇಲ್ಲ. ಪ್ರವಾಸಕ್ಕೆ ಬಂದ ಕೆಲಸ ಅಲ್ಲಿಗೆ ಮುಗಿಯಿತು ಎಂದು ನಾನಂದುಕೊಂಡೆ.

ಮಾರನೆಯ ಬೆಳಿಗ್ಗೆ, ಪಾರ್ಕಿಗೆ ಎರಡನೇ ಸಲ ಹೋದಾಗ, ನೆರಳಿನ ಬೆಂಚಿನಲ್ಲಿ ಕೂತು ವಾಪಸ್ಸಿನ ಮಾತು ಎತ್ತಿದೆ. ಬಂದ ದಾರಿಯಲ್ಲೇ ಹೋಗೋಣ, ಮಧ್ಯಾಹ್ನಕ್ಕೆ ಸೀಟಿದೆ ಎಂದೆ. ಅಕ್ಕ ನನ್ನ ಕಡೆ, ಮಗುವಿಗೆ ನಾಳೆ ಶಾಲೆಯಿತ್ತು. ಅಪ್ಪ ಗಂಟಲು ಸರಿ ಮಾಡಿಕೊಂಡರು. "ಪುಣೆಯಿಂದ ಓಗಣ" ಎಂದರು. ರೈಲಿನ ಮಾತು ಬರಬಹುದೆಂದು ನಾನು ತಯಾರಾಗಿದ್ದೆ, ಇದಕ್ಕಲ್ಲ. ಪುಣೆ ದೂರ, ಘಾಟಿ ಹತ್ತಬೇಕು, ಎರಡು ಗಂಟೆಯ ಮೇಲಾಗುತ್ತದೆ ಎಂದೆ. "ಅದ್ಕೇ" ಎಂದರು ಅಪ್ಪ. ರಾತ್ರಿಯೇ ಮಲ್ಲಪ್ಪನ ಹತ್ತಿರ ಮಾತಾಡಿಬಿಟ್ಟಿದ್ದರು. ಅಮ್ಮ ಅಪ್ಪನ ಕಡೆ. ಅವಳಿಗೆ ಪುಣೆ ಮೊದಲಿನಿಂದಲೂ ಬೇಕಿತ್ತು. ಎರಡಕ್ಕೆ ಎರಡು. ಉಳಿದದ್ದು ಧನ್ಯಳ ಮತ. ಅವಳು ರೈಲಿನ ಕಡೆ ಒಮ್ಮೆ ನೋಡಿದಳು, ನಮ್ಮ ಕಡೆ ಒಮ್ಮೆ ನೋಡಿದಳು. ಈ ಮಗು ಮುಂದೆ ರಾಜಕೀಯಕ್ಕೆ ಹೋಗುತ್ತದೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

"ಇನ್ನೊಂದ್ ಸಲ ನನ್ ಜೊತೆ ಯಾರ್ ಕೂರ್ತಾರೋ ಅವ್ರು ಹೇಳಿದ್ ಏರ್‌ಪೋರ್ಟು" ಎಂದಳು.

ಅಪ್ಪ ಸೊಂಟ ಹಿಡಿದುಕೊಂಡು, ಇವತ್ತು ಆಗಲ್ಲ ಮಗಾ ಎಂದರು. ಅಮ್ಮನಿಗೆ ಮಾತ್ರೆ, ಅಕ್ಕನಿಗೆ ವಾಂತಿ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಏಳು ಕಾರಣಗಳನ್ನು ಕೊಟ್ಟೆ. "ಭಯಾನಾ ಚಿಕ್ಕಮ್ಮ?" ಎಂದಳು ಧನ್ಯ. ಭಯ ಎಂದರೇನು ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಸರತಿ ಸಾಲಿನಲ್ಲಿದ್ದೆ. ಏಳು ಕಾರಣಗಳೂ ಒಳ್ಳೆಯವೇ ಎಂಬುದು ಮೊದಲ ಇಳಿಜಾರಿನಲ್ಲೇ ಸಾಬೀತಾಯಿತು. ಆಮೇಲೆ ಆಕಾಶ ಕಾಲ ಕೆಳಗೆ ಬಂತು, ಘಟ್ಟ ತಲೆಯ ಮೇಲೆ ಹೋಯಿತು, ನನ್ನ ಹೊಟ್ಟೆ ಸ್ವಲ್ಪ ಹಿಂದೆ ಉಳಿದು ಬೇರೆಯಾಗಿ ಬಂದು ಸೇರಿತು. ಇಳಿದಾಗ ನೆಲ ಇನ್ನೂ ನಿಂತಿರಲಿಲ್ಲ. ಬೆಂಚಿನ ಮುಂದೆ ಕರೆತಂದು ನಿಲ್ಲಿಸಿ, ಮಾತಿಗೆ ತಪ್ಪದ ಮಗು ಕೇಳಿತು: "ಈಗ ಹೇಳು ಚಿಕ್ಕಮ್ಮ, ಯಾವ ಏರ್‌ಪೋರ್ಟು?"

ಬಾಯಿ ತೆರೆದೆ. ಏನೂ ಬರಲಿಲ್ಲ. ಮತ್ತೆ ತೆರೆದೆ. ಅಕ್ಕ, "ಹೇಳೇ, ಬೇಗ ಹೇಳೇ" ಎಂದು ತಟ್ಟಿದಳು. ಗಾಳಿ ಬಂತು, ಅಕ್ಷರ ಬರಲಿಲ್ಲ. ಧನ್ಯ ನ್ಯಾಯವಾಗಿ ಹತ್ತರ ತನಕ ಎಣಿಸಿ, "ಚಿಕ್ಕಮ್ಮಂಗೆ ಏನೂ ಹೇಳೋದಿಲ್ವಂತೆ. ತಾತ, ನೀನ್ ಹೇಳು" ಎಂದಳು. ಅಪ್ಪ ಆಗಲೇ ಫೋನ್ ಕಿವಿಗಿಟ್ಟಿದ್ದರು. "ಮಲ್ಲಪ್ಪ, ಪುಣೆನೇ ಕಣಪ್ಪ" ಎಂದರು.

ಘಾಟಿ ಹತ್ತುವಾಗ ನಾನು ಹಿಂದಿನ ಸಾಲಿನಲ್ಲಿ ಬ್ಯಾಗುಗಳ ಜೊತೆ ಕೂತಿದ್ದೆ. ಸ್ವಲ್ಪ ದೂರ ಹೋದ ಮೇಲೆ ನೆಲ ನಿಂತಿತು, ಮಾತು ಮರಳಿತು, ಅದರ ಹಿಂದೆಯೇ ಅದ್ಭುತವಾದ ಒಂದು ಪ್ರತಿವಾದವೂ ಹೊಳೆಯಿತು. ಮಗುವಿನ ಷರತ್ತಿನ ಪ್ರಕಾರ ಜೊತೆಗೆ ಕೂತವಳು ಗೆದ್ದಾಗಿತ್ತು. ಎಷ್ಟು ಹೊತ್ತಿನಲ್ಲಿ ಉತ್ತರ ಹೇಳಬೇಕೆಂದು ಅದರಲ್ಲಿ ಇರಲೇ ಇಲ್ಲ. ಆದ್ದರಿಂದ ಹತ್ತು ಎಣಿಸಿದ್ದು ಅಸಿಂಧು. ಕಾರನ್ನು ಈಗಲೂ ತಿರುಗಿಸಬಹುದಿತ್ತು. ಹೇಳಲೆಂದು ಮುಂದಕ್ಕೆ ಬಾಗಿದೆ. ಅಕ್ಕ ಮಲಗಿದ್ದಳು, ಅವಳ ತೊಡೆಯ ಮೇಲೆ ಧನ್ಯ ಮಲಗಿದ್ದಳು, ಅಮ್ಮ ಕಿಟಕಿಗೆ ತಲೆ ಕೊಟ್ಟಿದ್ದಳು. ಮುಂದಿನ ಸೀಟಿನಲ್ಲಿ ಅಪ್ಪ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ತಿರುವು ಬಂದಾಗ ಅವರ ತಲೆ ಬಲಕ್ಕೆ ವಾಲಿ, ಮತ್ತೆ ಎಡಕ್ಕೆ ವಾಲಿತು. ಮಲ್ಲಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ, ದನಿ ತಗ್ಗಿಸಿ, "ಏನರ ಹೇಳೋದೈತೇನ್ರಿ ಅಕ್ಕಾರ?" ಎಂದ.

"ಏನಿಲ್ಲ" ಎಂದೆ. "ನಿಧಾನಕ್ಕೇ ಹೋಗಿ."

ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೂ ನನ್ನ ಹತ್ತಿರ ಒಂದು ಕಾರಣವೂ ಇರಲಿಲ್ಲ.